ಲೈಬ್ರರಿಗೆ ಲೀಯಾ ಒಬ್ಬಳೇ ಹೋದಳು

ಇವತ್ತು ಬೆಳಿಗ್ಗೆ ಅಪಾರ್ಟ್‌ಮೆಂಟಿನ ಮೆಟ್ಟಿಲಿಳಿಯುವಾಗ ಯಾರದೋ ಮನೆಯಿಂದ ಆಲೂಗಡ್ಡೆ, ಈರುಳ್ಳಿ ಕರಿಯುವ ವಾಸನೆ ಬಂತು. ಹನುಕ್ಕಾ ಹಬ್ಬಕ್ಕೆ ನನ್ನ ಬಾಲ್ಯದ ಗೆಳತಿ ಲೀಯಾಳ ಮನೆಯಲ್ಲಿ ಹೀಗೇ ಕರಿಯುತ್ತಿದ್ದರು.

ಡಬ್ಲಿನ್ನಿನ ನಮ್ಮ ಶಾಲೆಯಲ್ಲಿ ಡಿಸೆಂಬರ್ ಬಂದರೆ ಎಲ್ಲರೂ ಕ್ರಿಸ್‌ಮಸ್ ಹಾಡು ಕಲಿಯುತ್ತಿದ್ದರು. ಆ ಹಬ್ಬವಿಲ್ಲದವರು ನಾವಿಬ್ಬರೇ, ಯಹೂದಿಗಳ ಹುಡುಗಿ ಲೀಯಾ ಮತ್ತು ನಾನು. ಹಾಡಿನ ಹೊತ್ತಿಗೆ ಟೀಚರ್ ನಮ್ಮನ್ನು ಲೈಬ್ರರಿಗೆ ಕಳಿಸುತ್ತಿದ್ದರು; ಅಲ್ಲಿ ಒಂದೇ ಬೀನ್‌ಬ್ಯಾಗಿನ ಮೇಲೆ ಕೂತು ಓದುತ್ತಿದ್ದೆವು.

ಅಪ್ಪನ ಡಾಟ್‌ಕಾಮ್ ಕಂಪನಿ ಮುಚ್ಚಿದ ವರ್ಷ, ಅವರು ಆಫೀಸಿನ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವನ್ನು ಕಾರಿನ ಮೇಲೆ ಕಟ್ಟಿಕೊಂಡು ಬಂದರು.

“ಕೆಲಸ ಹೋಯ್ತು, ಮರ ಬಂತು,” ಎಂದರು ಅಮ್ಮ. “ದೇವರ ಮುಂದೆ ಮಾತ್ರ ಇಡಬೇಡಿ.”

ಮರುದಿನ ಟೀಚರ್ ಲೈಬ್ರರಿಗೆ ಹೋಗುವವರನ್ನು ಕರೆದಾಗ ನಾನು ಏಳಲಿಲ್ಲ. ಒಮ್ಮೆಯಾದರೂ ಎಲ್ಲರ ಜೊತೆ ಹಾಡುವ ಆಸೆ.

“ಬಾರೇ, ನೀನು ಹಿಂದೂ ಅಲ್ವಾ?” ಎಂದಳು ಲೀಯಾ.

“ನಮ್ಮನೇಲಿ ಈಗ ಮರ ಇದೆ. ನಾವೂ ಕ್ರಿಸ್‌ಮಸ್ ಮಾಡ್ತೀವಿ.”

ಅವಳು ಒಬ್ಬಳೇ ಹೋದಳು. ಆಮೇಲೆ ನನ್ನನ್ನು ಮನೆಗೆ ಕರೆಯಲಿಲ್ಲ. ಬೇಸಿಗೆಯಲ್ಲಿ ಅವರು ಊರು ಬಿಟ್ಟರು.

ಅವಳ ಇಮೇಲ್ ವಿಳಾಸ ಸಿಕ್ಕಿ ತಿಂಗಳಾಯಿತು. ಅಂದು ಸುಳ್ಳು ಹೇಳಿದೆ ಎಂದು ಇವತ್ತು ಬರೆಯುತ್ತೇನೆ. ಆಗ ಚಿಕ್ಕವಳಿದ್ದೆ ಎಂಬ ಸಾಲನ್ನು ಮಾತ್ರ ಸೇರಿಸುವುದಿಲ್ಲ.