ಗುಂಪು ನೋಡುತ್ತಿದ್ದ ಮೇಡಂ

ನಂಜನಗೂಡಿನ ನಮ್ಮ ಆಫೀಸಿನಲ್ಲೊಬ್ಬರು ಸೀನಿಯರ್ ಮೇಡಂ ಇದ್ದರು. ಏನೇ ಕೆಟ್ಟರೂ ಬಳೆ ಮೇಲೇರಿಸಿ, "ಮೊದ್ಲು ಗುಂಪು ನೋಡಪ್ಪ" ಅನ್ನುತ್ತಿದ್ದರು.

ನಾಲೆ ನೀರಿನ ಸರದಿಯನ್ನು ರೈತರ ಮೊಬೈಲಿಗೆ ತಿಳಿಸುವುದು ನಮ್ಮ ಕೆಲಸ. ಸಾಲಿನಲ್ಲಿರುವ ಮೆಸೇಜುಗಳನ್ನು ಒಂದು ಗುಂಪಿನ ಪ್ರೋಗ್ರಾಂಗಳು ಹಂಚಿಕೊಂಡು ಕಳಿಸುತ್ತವೆ. ಮಹಾಪಂಡಿತನಾದ ನಾನು ಟೆಸ್ಟಿಂಗಿಗೆಂದು ನನ್ನ ಲ್ಯಾಪ್‌ಟಾಪನ್ನೂ ಅದೇ ಗುಂಪಿಗೆ ಸೇರಿಸಿದೆ. ಅದು ಅರ್ಧ ಮೆಸೇಜುಗಳನ್ನು ನುಂಗಿ, ಯಾರಿಗೂ ಕಳಿಸದೆ ಕೂತಿತು.

ಹುಲ್ಲಹಳ್ಳಿಯ ರೈತರೊಬ್ಬರು ಫೋನ್ ಮಾಡಿದರು. "ಪಕ್ಕದೋನ್ಗೆ ಮೆಸೇಜ್ ಬಂದದೆ, ನಂಗಿಲ್ವಲ್ಲ ಸಾ! ಸರದಿ ತಪ್ಪುದ್ರೆ ನಾಟಿ ಒಣಗೋಯ್ತದೆ!"

ನನಗೆ ನಾಲೆಯಷ್ಟು ಬೆವರು ಹರಿಯಿತು. ಮೇಡಂ ಗುಂಪಿನ ಪಟ್ಟಿಯಲ್ಲಿ ನನ್ನ ಹೆಸರು ಕಂಡು, "ನಿಂದೆಷ್ಟು ಎಕ್ರೆ ಗದ್ದೆ ಅದೆಯಪ್ಪ?" ಅಂದರು. "ಮೆಸೇಜ್ ಎಲ್ಲೂ ಹೋಗಿಲ್ಲ ಕಣೋ, ಸಾಲಲ್ಲೇ ಅವೆ. ಎಲ್ಲೀಗಂಟ ಓದಾಯ್ತು ಅನ್ನೋ ಗುರುತು ಮುಂದಕ್ಕೋಗ್ಯದೆ ಅಷ್ಟೇ."

ನನ್ನನ್ನು ಗುಂಪಿನಿಂದ ಕಿತ್ತು, ಗುರುತನ್ನು ಹಿಂದಕ್ಕಿಟ್ಟರು; ನುಂಗಿದ್ದ ಮೆಸೇಜುಗಳೆಲ್ಲ ರೈತರಿಗೆ ಹೊರಟವು. ಸ್ವಲ್ಪ ಹೊತ್ತಿಗೇ ಅದೇ ರೈತರ ಫೋನು: "ಬಂತು ಸಾ, ಗದ್ದೆಗೆ ಹೊಂಟೆ!"

ಮೇಡಂ ಬಾಟಲಿ ಮುಂದಿಟ್ಟರು: "ಈಗ ನಿನ್ ಪಾಲಿನ ನೀರು ಕುಡಿ."