ನೆಲದೊಳಗಿನಿಂದ ಬಂದ ಗಾಳಿ

ನನ್ನ ಮಗಳಿಗೆ ಇಂದು ಹತ್ತೊಂಬತ್ತು ದಿನ. ಹುಟ್ಟಿದ ಮೂರನೆಯ ದಿನ ಅವಳು ಹಾಲು ಕುಡಿಯುವುದನ್ನು ನಿಲ್ಲಿಸಿದಳು. ಆಮೇಲೆ ಅಳುವುದನ್ನೂ ನಿಲ್ಲಿಸಿದಳು.

ಕೂಸು ಅತ್ತರೆ ಗಾಬರಿಯಾಗುವವರನ್ನು ನೋಡಿ ನಕ್ಕಿದ್ದೇನೆ. ಅಳದ ಕೂಸು ಎಂಥ ಹೆದರಿಕೆ ಹುಟ್ಟಿಸುತ್ತದೆ ಎಂದು ನನಗೇನು ಗೊತ್ತಿತ್ತು?

ಹೆಂಡತಿ ಸುಮಿತ್ರಾ ಹೆರಿಗೆಗೆಂದು ದೇವರ ಹಿಪ್ಪರಗಿಯ ತವರಿಗೆ ಹೋಗಿದ್ದಳು. (ನಾನು ಇಂಡಿ ಊರಿನಲ್ಲಿ ಮಾಸ್ತರಿಕೆ ಮಾಡುವವನು, ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಮೇ ತಿಂಗಳ ರಜೆಯಾದ್ದರಿಂದ ನಾನೂ ಅಲ್ಲೇ ಇದ್ದೆ.) ನೋವು ಕಾಣಿಸಿದಾಗ ಬಸವನ ಬಾಗೇವಾಡಿಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ಕರೆತಂದೆವು. ಹೆರಿಗೆ ಸುಸೂತ್ರವಾಯಿತು. ಕಾಡಿದ್ದು ಬಿಸಿಲು.

ವಾರ್ಡಿಗೆ ತಗಡಿನ ಚಾವಣಿ. ಕೆಳಗೊಂದು ಫ್ಯಾನ್. ಅದಕ್ಕೆ ಕರೆಂಟ್ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಮಂಚದ ಕಬ್ಬಿಣ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು. ಮಗಳ ಮೈಯೂ ಹಾಗೇ ಕಾದಿತ್ತು. ತುಟಿ ಒಣಗಿತ್ತು. ಡಾಕ್ಟರು ಯಾವುದೋ ಕೇಸಿಗೆಂದು ಮುದ್ದೇಬಿಹಾಳಕ್ಕೆ ಹೋಗಿದ್ದರು.

ಸಿಸ್ಟರ್ ಬಂದು ಮಗುವಿನ ಹೊಟ್ಟೆ ಮುಟ್ಟಿದರು, ಕಣ್ಣು ನೋಡಿದರು, ಥರ್ಮಾಮೀಟರ್ ಇಟ್ಟರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಬರೇ ಕಾವು ಇದ್ದಂಗ ಐತಿ. ಕೂಸನ್ನ ತಂಪಿಗೆ ಒಯ್ಯೂಣು, ಬರ್ರಿ" ಎಂದರು.

ತಂಪು! ಆ ಊರಲ್ಲಿ ಆ ಹೊತ್ತಿಗೆ ಅದು ಎಲ್ಲಿತ್ತು?

ಹಿಂದೊಂದು ಸಣ್ಣ ಕೋಣೆಯಿತ್ತು. ಎರಡೇ ಮಂಚ. ಒಳಗೆ ಕಾಲಿಟ್ಟಾಗ ಯಾರೋ ಹಣೆಯ ಮೇಲೆ ಕೈಯಿಟ್ಟಂತಾಯಿತು. ಗೋಡೆಯ ಬುಡದಲ್ಲಿ ಜಾಲರಿ ಹಾಕಿದ ಒಂದು ತೂತು. ಅದರಿಂದ ತಣ್ಣನೆಯ ಗಾಳಿ ಸಣ್ಣಗೆ ಬರುತ್ತಲೇ ಇತ್ತು. ಫ್ಯಾನ್ ಇಲ್ಲ, ಮೋಟಾರ್ ಇಲ್ಲ.

ಸುಮಿತ್ರಾ ಹಾಲು ಹಿಂಡಿ ಕೊಟ್ಟಳು. ಸಿಸ್ಟರ್ ಅದನ್ನು ಚಮಚದಿಂದ ಹನಿಹನಿಯಾಗಿ ಮಗುವಿನ ಬಾಯಿಗೆ ಬಿಡತೊಡಗಿದರು. ಮೊದಲ ಹನಿಗಳು ಗಲ್ಲದ ಮೇಲೆ ಇಳಿದುಹೋದವು. ಅವರು ಬಿಡಲಿಲ್ಲ. ನಾನು ಸುಮ್ಮನೆ ಕೂರಲಾಗದೆ, ಈ ಗಾಳಿ ಎಲ್ಲಿಂದ ಬರುತ್ತದೆ ಎಂದು ಕೇಳಿದೆ. ಕೈಕೆಲಸ ನಿಲ್ಲಿಸದೇ ಹೇಳಿದರು. ಹಿತ್ತಲಿನ ಬೇವಿನ ಮರದಿಂದ ಈ ಗೋಡೆಯವರೆಗೆ, ಎರಡಾಳು ಆಳದಲ್ಲಿ, ಸುಟ್ಟ ಮಣ್ಣಿನ ಪೈಪು ಹೂತಿದೆ. ಚಾವಣಿಯ ಮೇಲೆ ಕಪ್ಪು ಬಳಿದ ತಗಡಿನ ಕೊಳವೆಯಿದೆ. ಬಿಸಿಲಿಗೆ ಅದು ಕಾದಾಗ ಕೋಣೆಯ ಬಿಸಿಗಾಳಿ ಮೇಲೆ ಹೋಗುತ್ತದೆ. ಆ ಜಾಗ ತುಂಬಲು ಮರದ ನೆರಳಿನ ಗಾಳಿ ನೆಲದೊಳಗೆ ಹಾದು, ತಣ್ಣಗಾಗಿ, ಇಲ್ಲಿಗೆ ಬರುತ್ತದೆ. ಬಿಸಿಲು ಹೆಚ್ಚಿದಷ್ಟೂ ಗಾಳಿ ಜಾಸ್ತಿ.

"ಸಂಗಪ್ಪ ಮೇಸ್ತ್ರಿ ಮಾಡ್ಯಾರ್ರಿ. ಹೊರ್ತಿಯವರು."

ಹೋದ ವರ್ಷ ಇದೇ ಅಂಕಣದಲ್ಲಿ ನಾನು ಗೇಲಿ ಮಾಡಿದ ಮನುಷ್ಯ ಅವರೇ. ಇಂಡಿಯ ಚಹಾದಂಗಡಿಯಲ್ಲಿ, ಭೂಮಿಯಿಂದ ತಂಪು ತರಬಹುದು ಎಂದು ಅವರು ಎಲ್ಲರಿಗೂ ಹೇಳುತ್ತಿದ್ದರು. "ಫ್ಯಾನಿನ ರೆಕ್ಕೆ ಎಲ್ಲಿ ಹೂತಿದ್ದೀರಿ ಮೇಸ್ತ್ರಿ?" ಎಂದು ನಾನು ಬರೆದೆ. ನೀವೂ ನಕ್ಕಿರಿ. ಕೆಲವರು ಚೆನ್ನಾಗಿತ್ತೆಂದು ಕಾಗದ ಬರೆದಿರಿ.

ಸಂಜೆ ನಾಲ್ಕರ ಸುಮಾರಿಗೆ ಮಗಳು ನನ್ನ ಧೋತರದ ಮೇಲೆ ಉಚ್ಚೆ ಹೊಯ್ದಳು. ಸಿಸ್ಟರ್ ಮೊದಲ ಸಲ ನಕ್ಕರು. ಮೈಗೆ ನೀರು ಸೇರಿದೆ, ಇನ್ನು ಹೆದರಬೇಡಿ ಎಂದರು. ಸ್ವಲ್ಪ ಹೊತ್ತಿಗೆ ಮಗಳು ಅತ್ತಳು. ಸುಮಿತ್ರಾಳೂ ಅತ್ತಳು. (ನನ್ನ ವಿಷಯ ಬಿಡಿ.) ರಾತ್ರಿ ಡಾಕ್ಟರು ಬಂದು, ಕೂಸು ಈ ಕೋಣೆಗೆ ಬಂದದ್ದೇ ಒಳ್ಳೆಯದಾಯಿತು ಎಂದರು.

ಮುಂದಿನ ವಾರ ಮೇಸ್ತ್ರಿಯನ್ನು ಕಾಣಲು ಅವರ ಊರು ಹೊರ್ತಿಗೆ ಹೋದೆ. ಅರವತ್ತು ದಾಟಿದ ಮನುಷ್ಯ, ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ಜೀವಮಾನವೆಲ್ಲ ಬಾವಿ ತೋಡಿದವರು. ಆಸ್ಪತ್ರೆಗೂ ಬಾವಿಯ ಹೂಳು ತೆಗೆಯಲೆಂದೇ ಹೋಗಿದ್ದರಂತೆ. ಪೈಪಿನ ಕೆಲಸವನ್ನು ಯಾಕೆ ಹಚ್ಚಿಕೊಂಡಿರಿ ಎಂದು ಕೇಳಿದೆ.

"ಕೆಳಗ ನಾ ತಂಪಿನಾಗ ಇದ್ದೆ. ಮ್ಯಾಲ ಬಂದು ನೋಡಿದ್ರ ಬಾಣಂತ್ಯಾರು ಕೂಸು ಹಿಡಕೊಂಡು ಗ್ವಾಡಿ ನೆಳ್ಳಿಗೆ ಕುಂತಿದ್ರು. ನನಗ ನಾಚಿಕಿ ಆತ್ರಿ."

ಇಷ್ಟೇ. ಬಾವಿಯ ಕೆಲಸ ಮುಗಿದ ಮೇಲೂ ಅವರು ಅಲ್ಲೇ ಉಳಿದು ನೆಲ ಅಗೆದರು.

ನನ್ನ ಬರಹದ ಬಗ್ಗೆ ತಪ್ಪೊಪ್ಪಿಕೊಂಡೆ. ಗೊತ್ತು ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಓದಿ ಹೇಳಿದ್ದರಂತೆ, ತಮಗೂ ನಗು ಬಂತಂತೆ. ನಾನು ಕ್ಷಮೆಯ ಮಾತು ಹುಡುಕುತ್ತಿದ್ದೆ. ಅವರು ಹಗ್ಗ ಪಕ್ಕಕ್ಕಿಟ್ಟರು.

"ಅದಿರಲ್ರಿ ಮಾಸ್ತರ. ಕೂಸು ಹಾಲು ಕುಡೀತೈತಿಲ್ಲ?"

ಕುಡಿಯುತ್ತದೆ ಮೇಸ್ತ್ರಿ. ಹೊಟ್ಟೆ ತುಂಬ ಕುಡಿದು, ಇದನ್ನು ಬರೆಯುವಾಗ ಪಕ್ಕದಲ್ಲೇ ಮಲಗಿದೆ. ಮನೆಯಲ್ಲಿ ನಿಮ್ಮ ಹೆಸರು ಹೇಳದ ದಿನವಿಲ್ಲ. ಹಿಂದೆ ನಕ್ಕಿದ್ದ ಓದುಗರೇ, ನನ್ನ ಜೊತೆ ನೀವೂ ಒಮ್ಮೆ ಅವರಿಗೆ ಕೈಮುಗಿಯಿರಿ.

ನಮ್ಮ ಶಾಲೆಗೂ ತಗಡೇ ಹೊದಿಕೆ. ಒಂದು ಕ್ಲಾಸಿಗಾದರೂ ಈ ಪೈಪು ಹಾಕಿಸೋಣ, ಸಲಿಕೆ ನಾನೇ ಹಿಡಿಯುತ್ತೇನೆ, ಮೇಸ್ತ್ರಿ ನಿಂತು ತೋರಿಸುತ್ತಾರೆ ಎಂದು ನಿನ್ನೆ ಹೆಡ್‌ಮಾಸ್ತರರಿಗೆ ಹೇಳಿದೆ. ವಿಚಾರ ಚೆನ್ನಾಗಿದೆ ಎಂದರು. ಆದರೆ ಮೇಲಿನವರ ಮಂಜೂರಾತಿ ಬೇಕಂತೆ.

ಕಾಲ ಕೆಳಗಿನ ತಂಪಿಗೂ ಮೇಲಿನವರನ್ನು ಕೇಳಬೇಕೇ?