ಎರಡನೆಯ ಊರಿನ ರೊಟ್ಟಿ

ಜಹೀರಾಬಾದಿನಲ್ಲಿ ನನ್ನದೊಂದು ಫೋಟೊ ಸ್ಟುಡಿಯೊ ಇದೆ. ಮದುವೆ ಫೋಟೊಗಳೆಲ್ಲ ಹುಡುಗರ ಡ್ರೋನುಗಳ ಪಾಲಾದ ಮೇಲೆ ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜು. ಗದ್ದ ಎತ್ತಿ, ಎರಡೂ ಕಿವಿ ಕಾಣಲಿ, ನಗಬೇಡಿ. ವರ್ಷಗಟ್ಟಲೆ ಈ ಮೂರೇ ಮಾತಿನಲ್ಲಿ ಹೊಟ್ಟೆ ಹೊರೆದಿದ್ದೇನೆ. ಒಂದು ಮುಖ ಇನ್ನೊಂದಕ್ಕೆ ಹೊಂದುತ್ತದೋ ಇಲ್ಲವೋ ಹೇಳುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂಬ ಜಂಬವೂ ಇತ್ತು.

ಅಪ್ಪನ ತಂಗಿ, ನನ್ನ ಸೋದರತ್ತೆ, ತಾಂಡೂರಿನಲ್ಲಿ ಮಗನ ಮನೆಯಲ್ಲಿದ್ದಾಳೆ. ಅವಳ ಬಳಿ ಒಂದು ಕತೆ ಇದೆ. ತಾಯಿಗೆ ಹುಷಾರಿಲ್ಲವೆಂದು ತಿಳಿದ ಸೊಸೆಯೊಬ್ಬಳು ಯಾರಿಗೂ ಹೇಳದೆ ಮೂರು ಊರು ದಾಟಿ ತವರಿಗೆ ನಡೆದು ಹೋಗುವ ಕತೆ. ಮೊಮ್ಮಕ್ಕಳಿಬ್ಬರು ಓದುವುದು ಇಂಗ್ಲಿಷು, ಆಡುವುದು ತೆಲುಗು. ಅಜ್ಜಿಯ ಕನ್ನಡ ‘ಬಾ, ಕೂಡು, ಉಣ್ಣು’ ದಾಟಿತೆಂದರೆ ಅವರಿಗೆ ತಲೆಗೆ ಹತ್ತುವುದಿಲ್ಲ. ಈ ಕತೆ ತನ್ನ ಸಂಗಡವೇ ಮಣ್ಣಾಗುತ್ತದೆ ಎಂಬುದು ಅತ್ತೆಯ ಚಿಂತೆ. ಕಣ್ಣಿಗೆ ಕಂಡರೆ ಮಕ್ಕಳಿಗೆ ತಿಳಿದೀತು ಎಂದು ನಾನೇ ಎಐ ಹಿಡಿದು ವಿಡಿಯೊ ಮಾಡಲು ಕೂತೆ.

ಆ ಯಂತ್ರ ಕೊಡುವುದು ಎಂಟೆಂಟು ಸೆಕೆಂಡಿನ ತುಣುಕು. ಅವನ್ನು ಜೋಡಿಸಬೇಕು. ನನ್ನ ಮೊದಲ ಜೋಡಣೆಯಲ್ಲಿ ತುಣುಕಿಗೊಬ್ಬಳು ಸೊಸೆ ಬಂದಿದ್ದಳು. ಒಬ್ಬಳಿಗೆ ಮೂಗು ಚೂಪು, ಒಬ್ಬಳಿಗೆ ದಪ್ಪ, ಒಬ್ಬಳಂತೂ ಸಿನಿಮಾದವಳು. ತಾಂಡೂರಿಗೆ ಒಯ್ದು ತೋರಿಸಿದರೆ, ಮೊಮ್ಮಕ್ಕಳು ಎಷ್ಟು ಮಂದಿ ಸೊಸೆಯರಿದ್ದಾರೆಂದು ತೆಲುಗಿನಲ್ಲಿ ಕೇಳಿ, ನಕ್ಕು, ಎದ್ದು ಹೋದರು. ಅತ್ತೆಯ ಮುಖ ಸಣ್ಣದಾಯಿತು.

“ಒಬ್ಬಾಕಿನೇ ನಡೀಬೇಕು ತಮ್ಮಾ,” ಅಂದಳು. “ಮೂರು ಊರು ಮೂರು ಮಂದಿ ನಡದ್ರ ಅದೇನ್ ದೊಡ್ಡ ಮಾತು?”

ಹದಿನೈದು ದಿನ ಅದೇ ಕೆಲಸ ಮಾಡಿದೆ. ಅತ್ತೆ ಒಪ್ಪಿದ ಒಂದು ಮುಖವನ್ನು ಎದುರಿನಿಂದ, ಪಕ್ಕದಿಂದ, ನಿಂತ ಭಂಗಿಯಲ್ಲಿ ಮಾಡಿಟ್ಟುಕೊಂಡೆ. ಪ್ರತಿ ತುಣುಕಿಗೂ ಆ ಮೂರು ಚಿತ್ರ ಕೊಟ್ಟೆ. ಹಸಿರು ಸೀರೆ, ಕೆಂಪು ಅಂಚು, ಎಡಗೆನ್ನೆಯ ಮಚ್ಚೆ, ಕೊರಳಲ್ಲಿ ಇಷ್ಟಲಿಂಗವಿರುವ ಬೆಳ್ಳಿ ಕರಡಿಗೆ ಎಂದು ಒಂದಕ್ಷರ ಬದಲಿಸದೆ ಬರೆದೆ. ಬಂದದ್ದರಲ್ಲಿ ಹತ್ತಕ್ಕೆ ಒಂಬತ್ತು ಎಸೆದೆ. ಕೊನೆಗೆ ಮಚ್ಚೆ ಸಮೇತ ಒಬ್ಬಳೇ ಸೊಸೆ ಮೂರೂ ಊರು ದಾಟಿದಳು.

ಅದನ್ನು ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ತಾಂಡೂರಿನ ಬಸ್ಸು ಹತ್ತಿದೆ. ಬಾಗಿಲಲ್ಲೇ ಅತ್ತೆ ಪ್ರತಿ ಸಲದ ಮಾತು ಆಡಿದಳು: “ಥೇಟ್ ನಮ್ಮಣ್ಣನೇ ಬಂದಂಗಾತು ನೋಡು.” ನಾನು ಅಪ್ಪನ ಅಚ್ಚು ಎಂದು ಎಲ್ಲರೂ ಹೇಳುತ್ತಾರೆ. ಪ್ರತಿ ಸಲದಂತೆ ಹೂಂ ಅಂದೆ.

ಅತ್ತೆಯ ಮಗ, ಸೊಸೆ ತಮ್ಮ ಹಾಸುಗಲ್ಲಿನ ಅಂಗಡಿಗೆ ಹೋಗಿದ್ದರು. ಮಕ್ಕಳು ಸ್ಕೂಲಿನಿಂದ ಬರುವುದು ನಾಲ್ಕೂವರೆಗೆ. ಅವತ್ತು ವಿಡಿಯೊ ತೋರಿಸುವೆನೆಂದು ಅತ್ತೆ ಅವರಿಗೆ ಮಾತು ಕೊಟ್ಟಿದ್ದಳು. ನನಗೆ ರೊಟ್ಟಿ, ಪುಂಡಿಪಲ್ಯ ಬಡಿಸಿ, ತನ್ನ ಶುಗರ್ ಗುಳಿಗೆ ನುಂಗಿ, ತಾಟು ಹಿಡಿದು ಪರದೆಯ ಎದುರು ಕೂತಳು. ಮೊದಲನೆಯ ಊರು ಮುಗಿಯಿತು. ಎರಡನೆಯ ಊರಲ್ಲಿ ಸೊಸೆ ಬಾವಿಗೆ ಬಗ್ಗಿ ನೀರು ಕುಡಿದಳು. ಅಲ್ಲಿಯ ಮುದುಕಿ ರೊಟ್ಟಿ ಕೊಟ್ಟಳು. ಸೊಸೆ ಉಂಡಳು.

ಅತ್ತೆ ತಾಟು ಕೆಳಗಿಟ್ಟಳು. “ಈಕಿ ಕೊಳ್ಳಾಗ ಲಿಂಗ ಇಲ್ಲ.”

ಹಿಂದೆ ಸರಿಸಿ ನೋಡಿದೆ. ಖರೆ. ಬಾವಿಗೆ ಬಗ್ಗುವ ತನಕ ಕರಡಿಗೆ ಇತ್ತು, ಎದ್ದಾಗ ಇರಲಿಲ್ಲ. ಪಾಸ್‌ಪೋರ್ಟ್ ಫೋಟೊದವನ ಕಣ್ಣು ಗದ್ದದಿಂದ ಕೆಳಗೆ ಇಳಿದೇ ಇರಲಿಲ್ಲ.

“ಲಿಂಗ ಇಲ್ದ ಉಣ್ಣಾಕತ್ತಾಳಲ್ಲೋ,” ಅಂದಳು ಅತ್ತೆ. ನಮ್ಮಲ್ಲಿ ಲಿಂಗ ಕಳೆದರೆ ಅದು ಸಿಗುವ ತನಕ ಅನ್ನ ಮುಟ್ಟುವಂತಿಲ್ಲ. ನನ್ನದು ಸ್ಟುಡಿಯೊದ ಗೋಡೆಯ ಮೊಳೆಗೆ ತೂಗುತ್ತಿರುತ್ತದೆ, ಅದು ಬೇರೆ ಮಾತು.

“ಮಷೀನಿನ ತಪ್ಪು ಅತ್ತಿ. ಈಗ ಸರಿ ಮಾಡ್ತೀನಿ, ನೀ ಉಣ್ಣು. ಗುಳಿಗಿ ತಗೊಂಡಿ.”

“ಆಕೀದು ಸರಿ ಆಗ್ಲಿ.”

ಸರಿ ಮಾಡುವುದು ಅಷ್ಟು ಸುಲಭವಿರಲಿಲ್ಲ. ಒಂದು ತುಣುಕಿನಲ್ಲಿ ಕರಡಿಗೆ ಬಂತು, ಮುಖ ಹೋಯಿತು. ಇನ್ನೊಂದರಲ್ಲಿ ಮುಖ ಬಂತು, ಕರಡಿಗೆಯ ಜಾಗದಲ್ಲಿ ಗಡಿಯಾರ. ಮೂರನೆಯದರಲ್ಲಿ ಎಮ್ಮೆಗೆ ಕಟ್ಟುವಂಥ ಗಂಟೆ. ಒಂದೊಂದಕ್ಕೂ ಕಾಯಬೇಕು. ಕಾಯುತ್ತ ನಾನು ನನ್ನ ತಾಟಿನದು ತಿಂದು ಮುಗಿಸಿದೆ. ಎರಡು ತಾಸು ಕಳೆದವು. ಗುಳಿಗೆ ನುಂಗಿದ ಅತ್ತೆ ಇನ್ನೂ ಒಂದು ತುತ್ತೂ ಮುಟ್ಟಿರಲಿಲ್ಲ. ನನಗೆ ಹೆದರಿಕೆಯಾಯಿತು, ಹೆದರಿಕೆಯಾದರೆ ನನಗೆ ಸಿಟ್ಟೂ ಬರುತ್ತದೆ.

“ಆಕಿ ಜೀವ ಇರೋ ಹೆಂಗಸಲ್ಲ ಅತ್ತಿ!”

“ಜೀವ ಇಲ್ಲಂದ್ರ ಉಣಸ್ತಿ ಯಾಕ?”

ನಾನು ಮತ್ತೊಂದು ತುಣುಕು ಮಾಡಲು ಹಾಕಿದೆ. ಅದು ಬರುವಷ್ಟರಲ್ಲಿ ಅವಳೇ ಹೇಳತೊಡಗಿದಳು. ತವರೂರು ನಾಗಲಗಿದ್ದದ ಹೊಲದಲ್ಲಿ, ಅವಳಿಗೆ ಇನ್ನೂ ಮದುವೆಯಾಗಿರದಾಗ, ಬಾವಿಗೆ ಬಗ್ಗಿದಾಗ ದಾರ ಹರಿದು ಲಿಂಗ ಕಳೆದಿತ್ತಂತೆ. “ನಿಮ್ಮಪ್ಪ ಮುಂಜಾನಿಂದ ನೇಗಲಾ ಹೊಡದು ಬಂದು ಬುತ್ತಿ ಬಿಚ್ಚಿದ್ದ. ನನ್ನ ಮಾರಿ ನೋಡಿ ಮತ್ತ ಕಟ್ಟಿಟ್ಟ. ನೀ ಉಣ್ಣೋ ಅಣ್ಣಾ ಅಂದೆ. ಸಿಗ್ಲಿ, ಕೂಡಿ ಉಣ್ಣೂಣು ಅಂದ. ಹೊತ್ತು ಮುಣಗೂತನ ಬಾವಿ ಬಾಜೂಕಿನ ಕಾಲುವಿ ಕೆಸರಾಗ ಹುಡುಕಿದ.”

ನಾನು ಖಾಲಿ ತಾಟನ್ನು ಲ್ಯಾಪ್‌ಟಾಪಿನ ಹಿಂದಕ್ಕೆ ಸರಿಸಿದೆ.

“ಕಳದ್ರ ಕಳೀಲಿ ತಮ್ಮಾ. ಸಿಗೂತನ ಆಕಿಗೆ ಉಣಸಬ್ಯಾಡ ಅಷ್ಟೇ.”

ಹಾಗೆಯೇ ಮಾಡಿದೆ. ರೊಟ್ಟಿ ತಿನ್ನುವ ತುಣುಕು ತೆಗೆದೆ. ಕರಡಿಗೆ ಇಲ್ಲದ ಸೊಸೆ ಮುದುಕಿಯ ರೊಟ್ಟಿಯನ್ನು ಸೆರಗಿಗೆ ಕಟ್ಟಿಕೊಂಡು ನಡೆಯುತ್ತಾಳೆ. ಎಸೆದಿದ್ದ ಒಂದು ತುಣುಕಿನಲ್ಲಿ ಅವಳು ಕಾಲುವೆಯಿಂದ ಎದ್ದು ನಿಲ್ಲುತ್ತಿದ್ದಳು, ಕೊರಳಲ್ಲಿ ಕರಡಿಗೆ ಇತ್ತು. ಅದನ್ನು ಮೂರನೆಯ ಊರಿನ ಮುಂದೆ ಇಟ್ಟೆ. ಅತ್ತೆ ಎರಡು ಸಲ ನೋಡಿದಳು.

“ಈಗ ಒಬ್ಬಾಕಿನೇ,” ಅಂದು ತಾಟು ಹತ್ತಿರ ಎಳೆದುಕೊಂಡಳು. “ಬಾ, ಕೂಡಿ ಉಣ್ಣೂಣು.”

ನಾನು ಉಂಡದ್ದು ಅವಳಿಗೆ ಗೊತ್ತಿತ್ತು, ಬಡಿಸಿದವಳೇ ಅವಳು. ನಾಚಿಕೆಯಾಯಿತು. ಎದುರಿಗೆ ಕೂತು ಅರ್ಧ ರೊಟ್ಟಿ ಹಾಕಿಸಿಕೊಂಡೆ.

ಸಂಜೆ ಮಕ್ಕಳು ಬಂದು ನೋಡಿದರು. ಎಷ್ಟು ಮಂದಿ ಸೊಸೆಯರೆಂದು ಯಾರೂ ಕೇಳಲಿಲ್ಲ. ಸೆರಗಿನಲ್ಲಿ ರೊಟ್ಟಿ ಇದ್ದರೂ ಇವಳು ಯಾಕೆ ಉಣ್ಣುತ್ತಿಲ್ಲ ಎಂದು ಸಣ್ಣವಳು ತೆಲುಗಿನಲ್ಲಿ ಕೇಳಿದಳು. ಅತ್ತೆ ಕನ್ನಡದಲ್ಲೇ ಹೇಳತೊಡಗಿದಳು. ಮಕ್ಕಳು ಪರದೆ ಬಿಟ್ಟು ಅವಳ ಕಡೆ ತಿರುಗಿ ಕೂತರು.

ನಾನು ಚೀಲ ಹೆಗಲಿಗೆ ಹಾಕಿಕೊಂಡೆ. ಅತ್ತೆ ಕತೆ ಅರ್ಧಕ್ಕೆ ನಿಲ್ಲಿಸಿ ಬಾಗಿಲ ತನಕ ಬಂದು, ನನ್ನ ಗದ್ದ ಮುಟ್ಟಿ, “ಥೇಟ್ ನಮ್ಮಣ್ಣ” ಅಂದಳು.

ಅವತ್ತು ನಾನು ಹೂಂ ಅನ್ನಲಿಲ್ಲ.